ಗಿರಿಜವ್ವ ಉಂಡ ಭಾನುವಾರ

ಪ್ರತಿಭಾಳ ಅವ್ವ ಗಿರಿಜವ್ವ ಬರುತ್ತಾರೆ ಅನ್ನುವ ಸುದ್ದಿ ನಮಗೆ ತಲುಪಿದ್ದು ಶುಕ್ರವಾರ ಸಂಜೆ. ನಾನು ಒಂದೆಲಗದ ತಂಬುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಪ್ರತಿಭಾ ಕಾಲು ಚಾಚಿ ಕೂತು ಐದನೇ ತರಗತಿಯ ಗಣಿತದ ಪಟ್ಟಿಪುಸ್ತಕ ತಿದ್ದುತ್ತಿದ್ದಳು. ಕೈಯಲ್ಲಿ ಕೆಂಪು ಪೆನ್ನು ಇತ್ತಲ್ಲ, ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲೆ ಇಟ್ಟಿದ್ದಳು. ಹಾಗಾಗಿ ನನಗೂ ಎಲ್ಲಾ ಕೇಳಿಸಿತು. ಗಿರಿಜವ್ವನ ದನಿಗೆ ಸ್ಪೀಕರೇನೂ ಬೇಕಿರಲಿಲ್ಲ ಅನ್ನಿ.

"ಪ್ರತೀ, ಐತಾರ ಬರಾಕತ್ತೀನಿ. ನೀ ಅಲ್ಲಿ ಏನು ಉಣ್ತಿ, ಎಷ್ಟು ಉಣ್ತಿ, ನಾನ ಉಂಡು ನೋಡ್ತೀನಿ. ಹೊಟ್ಟಿ ತುಂಬ ಉಣ್ಣಾಕತ್ತಿದ್ರ ಅಲ್ಲೇ ಇರು. ಇಲ್ಲಂದ್ರ ಗಂಟು ಕಟ್ಟು, ನನ್ನ ಜೋಡಿ ಬಂದುಬಿಡು. ಶಂಕ್ರಪ್ಪ ಕಾಕಾ ಸೊಸೈಟಿಯಾಗ ನಿನಗ ಒಂದು ಕುರ್ಚಿ ಹಿಡಿದಿಟ್ಟಾನ."

"ಅವ್ವಾ, ನಾನು ಚಲೋ ಅದೀನಿ."

"ಅದನ್ನ ನಿನ್ನ ತೋಳು ಹೇಳ್ತೈತಿ. ಹಿಡಿದು ನೋಡ್ತೀನಿ." ಅಷ್ಟೇ, ಫೋನು ಇಟ್ಟಾಯಿತು.

ಪ್ರತಿಭಾ ನನ್ನ ಮುಖ ನೋಡಿದಳು. ನಾನು ಅಕ್ಕಿ ಡಬ್ಬಿಯ ಮುಖ ನೋಡಿದೆ.

ನಾವಿಬ್ಬರೂ ಅತಿಥಿ ಶಿಕ್ಷಕಿಯರು. ಸಿದ್ದಾಪುರದಲ್ಲಿ ಸೀತಕ್ಕ ಅನ್ನುವವರ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದು, ಬೆಳಿಗ್ಗೆ ಒಂದೇ ಬಸ್ಸಿಗೆ ಹತ್ತಿ ಒಂದೇ ಶಾಲೆಗೆ ಹೋಗುವವರು. ಅವಳು ಗಣಿತ, ನಾನು ಕನ್ನಡ. ಆ ವರ್ಷ ನಮ್ಮ ಗೌರವಧನ ಶಾಲೆ ಶುರುವಾದಾಗಿನಿಂದ ಬಂದಿರಲಿಲ್ಲ. ಬರ್ತದೆ, ಬರ್ತದೆ ಅನ್ನುತ್ತಿದ್ದರು. ಬರುವುದು ಖರೆ, ಅದೂ ಗೊತ್ತಿತ್ತು. ಅಲ್ಲಿಯವರೆಗೆ ಉಣ್ಣುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಹಾಗಂತ ನಾವು ಉಪವಾಸ ಬಿದ್ದಿರಲಿಲ್ಲ. ಇದನ್ನು ಈಗಲೇ ಹೇಳಿಬಿಡಬೇಕು. ನಾನು ಹೇರೂರು ಕಡೆಯವಳು. ಅಲ್ಲಿಯವಳು ಅಂದಕೂಡಲೇ ಜನ ತೋಟ ಎಷ್ಟು ಅಂತ ಕೇಳುತ್ತಾರೆ. ನಮಗೆ ತೋಟವಿಲ್ಲ. ನಮ್ಮಪ್ಪ ಮದುವೆ, ಉಪನಯನದ ಮನೆಗಳಿಗೆ ಅಡುಗೆಗೆ ಹೋಗುವವರು. ಅವರಿಂದ ನನಗೆ ಬಂದದ್ದು ಒಂದು ಜಾಡಿ ಉಪ್ಪುನೀರಿನ ಮಾವಿನಮಿಡಿ, ಮತ್ತೆ ಹಿತ್ತಿಲಲ್ಲಿ ಏನಿದೆ ಅಂತ ಮೊದಲು ನೋಡುವ ಕಣ್ಣು. ಬಾವಿಕಟ್ಟೆಯ ಹತ್ತಿರದ ಒಂದೆಲಗ, ಗೋಡೆ ಬುಡದ ದೊಡ್ಡಪತ್ರೆ, ಬೇಲಿಯ ಮೇಲಿನ ಬಸಳೆ, ಯಾರಿಗೂ ಬೇಡವಾದ ಕೆಸು. ಎರಡು ಚಮಚೆ ಕಾಯಿತುರಿ, ನಾಲ್ಕು ಕಾಳುಮೆಣಸು, ಒಂದು ಸೌಟು ಮಜ್ಜಿಗೆ ಇದ್ದರೆ ಒಂದು ಹೊತ್ತಿನ ಊಟ ಆಗಿಯೇಹೋಯಿತು. ಮೊದಮೊದಲು ಪ್ರತಿಭಾ ತಂಬುಳಿ ನೋಡಿ, "ಇದೇನು, ಹಸರು ಮಜ್ಜಿಗಿ ಕುಡದು ಮಲಗೂದಾ?" ಅಂದಿದ್ದಳು. ತಿಂಗಳು ಕಳೆಯುವುದರೊಳಗೆ ಬಟ್ಟಲು ಎತ್ತಿ ಕುಡಿಯತೊಡಗಿದಳು. ನಾನೂ ಅವಳು ಹುರಿದ ಬೆಳ್ಳುಳ್ಳಿ ಖಾರಕ್ಕೆ ಬಿದ್ದೆ. ನಮ್ಮಮ್ಮನಿಗೆ ಹೇಳಲು ಹೋಗಬೇಡಿ.

ಆದರೆ ಅವ್ವನಿಗೆ ಇದನ್ನೆಲ್ಲ ಯಾರು ಹೇಳುವುದು? ಸಂಬಳ ಬಂದಿಲ್ಲ ಅಂತಲೇ ಪ್ರತಿಭಾ ಮನೆಯಲ್ಲಿ ಹೇಳಿರಲಿಲ್ಲ.

"ಹೇಳಿದ್ರ ಅವತ್ತ ಬಂದು ಕರಕೊಂಡು ಹೋಗ್ತಾಳ ವಾಣಿ," ಅಂದಳು. "ನನ್ನ ಹುಡುಗ್ರು ಈಗಷ್ಟ ಭಾಗಾಕಾರ ಹಿಡಿದಾರ. ಶೇಷ ಉಳದ್ರ ಅಳತಿದ್ವು, ಈಗ ನಗತಾವ. ನಡುವ ಬಿಟ್ಟು ಸೊಸೈಟಿಯಾಗ ಕುಂತು ಪಾಸ್‌ಬುಕ್ಕಿಗೆ ಠಸ್ಸೆ ಹೊಡೀಲೇನು?"

"ಎಂತಕ್ಕೂ ಹೆದರಬೇಡ ಮಾರಾಯ್ತಿ. ಬರಲಿ. ಉಣಿಸಿಯೇ ಕಳಿಸುವ," ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ.

ಶನಿವಾರ ನಮ್ಮ ಪಾಲಿಗೆ ಮಂಗಗಳು ಬಂದವು. ಅಷ್ಟು ದಿನ ಬೈದ ಮಂಗಗಳನ್ನು ಅವತ್ತು ಮಾತ್ರ ನಾನು ಬೈಯಲಿಲ್ಲ. ಹಿತ್ತಿಲಿನ ಬಾಳೆಯ ಮೇಲೆ ಹಾರಿ, ಎಳೆಗೊನೆ ಹೂವಿನ ಸಮೇತ ಇಡೀ ಗಿಡವನ್ನೇ ಮುರಿದು ಕೆಡವಿ ಹೋದವು. ಭಾನುವಾರ ಬೆಳಿಗ್ಗೆ ಸೀತಕ್ಕ ಸೋಂದಾಕ್ಕೆ ಹೊರಟವರು ಅದನ್ನು ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯ, ಇದರ ಮನೆ ಹಾಳಾಗ. ಕೂಸೆ, ನಿಂಗೆ ಬೇಕಾದ್ರೆ ಕಡ್ಕ. ಆನು ಸಂಜೆಗೇ ಬಪ್ಪದು. ಒಳಗೆ ಅರ್ಧ ಕಡಿ ಕಾಯಿ ಇದ್ದು, ಅದನ್ನೂ ತಗ. ಒಣಗಿಹೋಗ್ತು."

"ಆತು ಸೀತಕ್ಕ," ಅಂದೆ. ಅಕ್ಕಿಯನ್ನೂ ಕೇಳಬಹುದಿತ್ತು. ಬಾಯಿಯವರೆಗೆ ಬಂದದ್ದು ವಾಪಸು ಹೋಯಿತು. ಡಬ್ಬಿಯಲ್ಲಿ ಮೂರು ಜನಕ್ಕೆ ಮಧ್ಯಾಹ್ನಕ್ಕೆ ಸರಿಯಾಗಿ ಆಗುವಷ್ಟಿತ್ತು. ಸೋಮವಾರದ್ದು ಸೋಮವಾರಕ್ಕೆ ನೋಡಿದರಾಯಿತು ಅಂದುಕೊಂಡೆ.

ಒಂದು ಬಾಳೆಗಿಡ ಅಂದರೆ ಏನು ಅಂತ ನಮ್ಮಪ್ಪನನ್ನು ಕೇಳಬೇಕು. ಒಂದು ಸಲ ಬಡವರ ಮನೆಯ ನಿಶ್ಚಿತಾರ್ಥಕ್ಕೆ ಅಡುಗೆಗೆ ಹೋದವರು ಒಂದೇ ಬಾಳೆ ಕಡಿದು ಐದು ಬಗೆ ಬಡಿಸಿ ಬಂದಿದ್ದರಂತೆ. ಅದನ್ನು ಅವರು ಇವತ್ತಿಗೂ ಹೇಳುತ್ತಾರೆ. ನಾನು ಅದೇ ದಾರಿ ಹಿಡಿದೆ. ಕಾಂಡದ ಮೇಲಿನ ಪದರೆಲ್ಲ ಸುಲಿದು ಒಳಗಿನ ಬಿಳೀ ದಿಂಡು ತೆಗೆದೆ. ಬಿಲ್ಲೆ ಕೊಯ್ಯುವಾಗ ಬರುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಸಣ್ಣಗೆ ಹೆಚ್ಚಿ, ಕಪ್ಪಾಗದ ಹಾಗೆ ಮಜ್ಜಿಗೆ ನೀರಿನಲ್ಲಿ ಹಾಕಿದೆ. ಅದಕ್ಕೆ ಸಾಸಿವೆ ಕಾಯಿ ಅರೆದು ಸಾಸ್ಮೆ. ಪ್ರತಿಭಾ ಕೈಗೆ ಎಣ್ಣೆ ಸವರಿಕೊಂಡು ಬಾಳೆಹೂವಿನ ಎಸಳೆಸಳು ಬಿಡಿಸಿ, ಒಂದೊಂದರ ನಡುವಿನ ಗಟ್ಟಿ ಕಡ್ಡಿ ಕಿತ್ತು ಕೊಟ್ಟಳು. ಅದು ಪಲ್ಯ. ಎಳೆಕಾಯಿ ಹುಳಿಗೆ. ಕಾಯಿಯ ಸಿಪ್ಪೆ ಎಸೆಯಲು ಹೊರಟಿದ್ದಳು, ಕೈ ಹಿಡಿದೆ.

"ಸಿಪ್ಪಿನೂ ಬಿಡಂಗಿಲ್ಲಾ ನೀನು?"

"ಹುಳಿ ಅರಿಶಿನ ಹಾಕಿ ಬೇಯಿಸಿ, ಒಣಮೆಣಸು ಹುರಿದು ರುಬ್ಬಿದರೆ ಚಟ್ನಿ. ಬೆರಳು ನೆಕ್ಕುವಾಗ ಹೇಳು."

ದೊಡ್ಡಪತ್ರೆಯನ್ನು ಜೀರಿಗೆಯ ಜೊತೆ ಬಾಡಿಸಿ ತಂಬುಳಿ. ಕೊನೆಗೆ ಜಾಡಿಯ ಎರಡು ಮಿಡಿ ಹಿಚುಕಿ, ನೀರು ಹಾಕಿ, ಹಸಿಮೆಣಸು ಜಜ್ಜಿ, ಇಂಗಿನ ಒಗ್ಗರಣೆ ಕೊಟ್ಟು ಅಪ್ಪೆಹುಳಿ. ಎಣ್ಣೆ ಶೀಶೆ ತಲೆಕೆಳಗಾಗಿ ಬಟ್ಟಲಿನ ಮೇಲೆ ನಿಂತಿತ್ತು, ಕೊನೆಯ ಹನಿಯೂ ಇಳಿಯಲಿ ಅಂತ. ಮನೆಯೆಲ್ಲ ಘಮಘಮ. ಬಾಗಿಲಲ್ಲಿ ನಿಂತರೆ ಇಲ್ಲಿ ಯಾರದೋ ಮನೆಯ ಶುಭಕಾರ್ಯ ಅನ್ನಬೇಕು, ಹಾಗೆ.

ಪ್ರತಿಭಾ ಹನ್ನೆರಡರ ಬಸ್ಸಿಗೆ ಅವ್ವನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದಳು. ಫೋನು ಚಾರ್ಜಿಗೆ ಹಾಕಿದ್ದನ್ನು ಅಲ್ಲೇ ಬಿಟ್ಟಳು. ಅವಳು ಆ ಕಡೆ ತಿರುಗಿ ಹತ್ತು ನಿಮಿಷವಾಗಿಲ್ಲ, ಈ ಕಡೆಯಿಂದ ಅನಾನಸು ಹೇರಿದ ಒಂದು ಗೂಡ್ಸ್ ಗಾಡಿ ಬಂದು ಗೇಟಿನ ಮುಂದೆ ನಿಂತಿತು. ಡ್ರೈವರ್ ಪಕ್ಕದಿಂದ ಇಳಕಲ್ ಸೀರೆಯ ಹೆಂಗಸೊಬ್ಬರು ಇಳಿದರು. ಕೈಯಲ್ಲಿ ಭಾರವಾದ ನೈಲಾನ್ ಚೀಲ.

"ಇದು ಟೀಚರ ಮನೀ ಹೌದಲ್ಲೋ ಕೆರಿಯಪ್ಪ? ಹೌದು ತಗೋ, ಒಗ್ಗರಣಿ ವಾಸನಿ ಬರಾಕತ್ತೈತಿ. ನೀ ನಡಿ. ಸಂಜಿಗೆ ಬರೂಮುಂದ ಹಾರನ್ ಹೊಡಿ." ನನ್ನ ಕಡೆ ತಿರುಗಿ, "ನೀನ ಏನು ವಾಣಿ? ಫೋನಿನ್ಯಾಗ ದೊಡ್ಡಾಕಿ ಅನಸ್ತಿದ್ದಿ. ಹಿಂಗ ಕಡ್ಡಿ ಇದ್ದೀಯಲ್ಲ ಯವ್ವಾ!"

ನಾನು ಹುಟ್ಟಿದಾಗಿಂದ ಕಡ್ಡಿ. ಆದರೆ ಪರೀಕ್ಷೆ ಶುರುವಾಗುವ ಮೊದಲೇ ಒಂದು ಅಂಕ ಹೋಯಿತಲ್ಲ ಅನಿಸಿತು.

ಕೈಕಾಲು ತೊಳೆದು ಬಂದು ಕೂತರು. ಚೀಲವನ್ನು ಗೋಡೆಗೆ ಒರಗಿಸಿಟ್ಟುಕೊಂಡರು. "ಪ್ರತಿಭಾ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾಳೆ ಅವ್ವಾ, ಫೋನೂ ಬಿಟ್ಟು ಹೋಗಿದ್ದಾಳೆ. ಬಸ್ಸು ಬಂದ ಮೇಲೆ ನೋಡಿಕೊಂಡೇ ಬರ್ತಾಳೆ," ಅಂದೆ.

"ಬರಲಿ ಬಿಡು. ಕೆರಿಯಪ್ಪನ ಗಾಡಿ ಈ ಕಡೆ ಹೊಂಟಿತ್ತು, ಬಸ್ಸು ಬಿಟ್ಟು ಅದನ್ನ ಹತ್ತಿದೆ. ಅಕಿ ಇಲ್ಲದಾಗ ಉಂಡ್ರನ ಚಲೋ. ಅಕಿ ಮುಂದ ಕುಂತ್ರ ನನ್ನ ಮುಖ ನೋಡ್ತಾಳ, ನಾ ಅಕಿ ಮುಖ ನೋಡ್ತೀನಿ, ಊಟ ಯಾರು ನೋಡೂರು? ನೀಡು ನೀನು."

ನಾನು ತಾಟು ತೆಗೆಯಲು ಹೋದವಳು ತಡೆದೆ. ಹೊರಗೆ ಅಷ್ಟು ಬಾಳೆ ಎಲೆ ಬಿದ್ದಿರುವಾಗ ಮನೆಗೆ ಬಂದ ಹಿರಿಯರಿಗೆ ಸ್ಟೀಲ್ ತಾಟಿನಲ್ಲಿ ಹಾಕುವುದೇ? ಚಂದದ ಒಂದು ಕುಡಿ ಎಲೆ ತಂದು ತೊಳೆದು ಹಾಸಿದೆ. ಆವತ್ತಿನ ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದಲೇ.

ನಮ್ಮಪ್ಪ ಬಡಿಸುವ ಹುಡುಗರಿಗೆ ಕಲಿಸುವ ಮೊದಲ ಪಾಠ ಹೀಗೆ: ಎಲೆ ಖಾಲಿ ಕಾಣಬಾರದು. ಖಾಲಿ ಎಲೆ ಕಂಡರೆ ಉಂಡವನ ಹೊಟ್ಟೆ ತುಂಬಿಲ್ಲ, ಬಡಿಸಿದವನಿಗೆ ಕಣ್ಣಿಲ್ಲ ಅಂತ ಲೆಕ್ಕ. ಉಣ್ಣುವವರು ಮೊದಲ ಸಲ 'ಸಾಕು' ಅಂದರೆ ಅದು ಸಂಕೋಚ. ನಿಲ್ಲಿಸಬಾರದು. ನಿಜವಾಗಿ ಸಾಕಾದವರು ಎರಡೂ ಕೈ ಎಲೆಗೆ ಅಡ್ಡ ಹಿಡಿಯುತ್ತಾರೆ, ಮತ್ತೆ ಎಲೆಯಲ್ಲಿ ಸ್ವಲ್ಪ ಬಿಡುತ್ತಾರೆ. ನಾನು ಇದನ್ನು ನೋಡಿಯೇ ಬೆಳೆದವಳು. ಲೋಕದಲ್ಲಿ ಎಲ್ಲರೂ ಹೀಗೆ ಉಣ್ಣುತ್ತಾರೆ ಅಂತಲೇ ತಿಳಿದಿದ್ದೆ.

ಗಿರಿಜವ್ವ ತಂಬುಳಿ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುವುದು ನಿಲ್ಲಿಸಿದರು. ಹುಬ್ಬು ಮೇಲೇರಿತು. "ಇದೇನು ತಂಗಿ?" ಅಂದರು.

"ದೊಡ್ಡಪತ್ರೆ."

"ಮಕ್ಕಳಿಗೆ ಕೆಮ್ಮಿಗೆ ಹಿಂಡೂ ಎಲಿ? ಅದಕ್ಕ ಹಿಂಗೂ ಒಂದು ರುಚಿ ಐತೇನು?" ಆಮೇಲೆ ಮಾತಿಲ್ಲ. ಅನ್ನ ಹೋಯಿತು, ಪಲ್ಯ ಹೋಯಿತು, ಸಿಪ್ಪೆ ಚಟ್ನಿಯನ್ನು ತೋರುಬೆರಳಿನಿಂದ ಒರೆಸಿ ಒರೆಸಿ ತೆಗೆದರು. ನೋಡುತ್ತೇನೆ, ಎಲೆ ಕನ್ನಡಿ! ಒಂದು ಅಗುಳಿಲ್ಲ, ಒಂದು ಕರಿಬೇವಿನ ಎಲೆಯಿಲ್ಲ. ಓಡಿಹೋಗಿ ಎರಡು ಸೌಟು ಅನ್ನ, ಮೇಲೆ ಹುಳಿ.

"ಸಾಕವ್ವಾ," ಅಂದರು. ಒಂದೇ ಸಲ. ಕೈ ಅಡ್ಡ ಬರಲಿಲ್ಲ. ಸಂಕೋಚ ಅಂದುಕೊಂಡೆ.

ಅದನ್ನೂ ಉಂಡರು. ಈ ಸಲ ನಿಧಾನ. ಆದರೆ ಎಲೆ ಮತ್ತೆ ಕನ್ನಡಿ. ಮತ್ತೆ ಬಡಿಸಿದೆ. ಗಿರಿಜವ್ವ ನನ್ನನ್ನು ನೋಡಿದರು, ಅನ್ನವನ್ನು ನೋಡಿದರು, ಉಸಿರು ಎಳೆದುಕೊಂಡು ಕಲಸಿದರು. ಹಣೆಯ ಮೇಲೆ ಬೆವರು. ಹಸಿಮೆಣಸಿನ ಖಾರಕ್ಕೆ ಇರಬೇಕು ಅಂತ ಫ್ಯಾನು ಜೋರು ಮಾಡಿದೆ. ಮೂರನೇ ಸಲ ಎಲೆ ಖಾಲಿಯಾದಾಗ ಅವರ ಕಣ್ಣು ಅಡುಗೆಮನೆಯ ಪಾತ್ರೆಯ ಕಡೆ ತಿರುಗಿತು. ಅಯ್ಯೋ ಪಾಪ, ಇನ್ನೂ ಹಸಿವೆ, ಬಾಯಿಬಿಟ್ಟು ಕೇಳಲಾರರು ಅಂದುಕೊಂಡೆ. ಪ್ರತಿಭಾಳ ಪಾಲು ಆಗಲೇ ಹೋಗಿತ್ತು. ಉಳಿದಿದ್ದದ್ದು ನನ್ನದು. ಇವತ್ತು ಇವರು ಅರೆಹೊಟ್ಟೆಯಲ್ಲಿ ಎದ್ದರೆ ಪ್ರತಿಭಾ ಸಂಜೆ ಆ ಅನಾನಸಿನ ಗಾಡಿ ಹತ್ತುತ್ತಾಳೆ. ಹೋಗಲಿ ನನ್ನ ಪಾಲು ಅಂತ ಪಾತ್ರೆ ಬಗ್ಗಿಸಿ ಸೌಟಿನಿಂದ ಕೆರೆದೆ. ತಳ ಕೆರೆದ ಸದ್ದು ಇದೆಯಲ್ಲ, ಅದು ಇಡೀ ಮನೆಗೆ ಕೇಳಿಸಿತು.

ಆ ಅನ್ನವನ್ನು ಹಾಕುವಾಗಲೇ ಬಾಗಿಲಲ್ಲಿ ಪ್ರತಿಭಾ.

"ಅವ್ವಾ! ಯಾವಾಗ ಬಂದಿ? ಬಸ್ಸಿನ್ಯಾಗ ಹುಡುಕಿ ಹುಡುಕಿ..." ಅನ್ನುತ್ತ ಒಳಗೆ ಬಂದವಳು ಎಲೆ ನೋಡಿದಳು, ನನ್ನ ಕೈಯ ಖಾಲಿ ಪಾತ್ರೆ ನೋಡಿದಳು. "ಅಯ್ಯಯ್ಯ, ಎಲ್ಲಾ ನೀನ ಉಂಡೇನು?"

"ನಾ ಎಲ್ಲಿ ಉಂಡ್ನೇ?" ಗಿರಿಜವ್ವನ ದನಿ ಅಳುವ ಹಾಗಿತ್ತು. "ಈ ಹುಡುಗಿ ಬಿಡವಲ್ಲಳು! ನಾ ಎಲಿ ಖಾಲಿ ಮಾಡಿದಂಗ ಮಾಡಿದಂಗ ಹಾಕತಾಳ. ಹಾಕಿದ್ದು ಪ್ರಸಾದ, ಬಿಡಾಕ ಬರೂದಿಲ್ಲ. ಸಾಕು ಅಂದೆ. ಕೇಳಿದ್ರ ತಾನ? ನನ್ನ ಹೊಟ್ಟಿ ಒಡದು ಸಾಯಲಿ ಅಂತ ಮಾಡೀರೇನು ಇಬ್ರೂ ಕೂಡಿ?"

ಪ್ರತಿಭಾ ಗೋಡೆ ಹಿಡಿದು ಕೂತುಬಿಟ್ಟಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ವಾಣೀ, ಎಲಿ ಯಾಕ ಹಾಕಿದಿ? ತಾಟು ಕೊಟ್ಟಿದ್ರ ಉಂಡು, ಅದ್ರಾಗ ನೀರು ಹಾಕಿ, ತೊಳದು ಕುಡೀತಿದ್ಲು. ನಮ್ಮ ಮನ್ಯಾಗ ಹಿರೇರು ಉಣ್ಣೂದ ಹಂಗ. ನೀರು ಕುಡದ್ರ ಊಟ ಮುಗೀತು ಅಂತ. ಎಲ್ಯಾಗ ನೀರು ಎಲ್ಲಿಂದ ನಿಂದ್ರಬೇಕು?"

"ನಮ್ಮಲ್ಲಿ ಸಾಕಾದರೆ ಸ್ವಲ್ಪ ಬಿಡ್ತಾರೆ," ಅಂದೆ. "ಪೂರ್ತಿ ಖಾಲಿ ಆದರೆ ಇನ್ನೂ ಬೇಕು ಅಂತ."

ಗಿರಿಜವ್ವನ ಹೊಟ್ಟೆಯೇ ಮೊದಲು ಅಲುಗಾಡಿತು. ನಗು ಬಂದರೆ ನೋವು, ನೋವಾದರೆ ಇನ್ನೂ ನಗು. "ಅಯ್ಯ ನಿಮ್ಮ... ನಗಿಸಬ್ಯಾಡ್ರೇ... ಉಸಿರು ಬರವಲ್ದು..." ಅನ್ನುತ್ತ ಕೊನೆಯ ಅನ್ನವನ್ನೂ ಮುಗಿಸಿಯೇ ಎದ್ದರು. ಬಿಡಲಿಲ್ಲ ನೋಡಿ.

ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಳ್ಳುತ್ತ ಅಂದರು, "ಈಗ ನೀವು ಉಣ್ರಿ. ನಾ ನೀಡ್ತೀನಿ."

ಪ್ರತಿಭಾ ನನ್ನ ಕೈಯ ಖಾಲಿ ಪಾತ್ರೆ ಕಸಿದುಕೊಂಡು, ಒಳಗಿಟ್ಟು, ಮುಚ್ಚಳ ಹಾಕಿ ಬಂದಳು.

ಅವರು ನಗುವುದು ನಿಲ್ಲಿಸಿದರು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಪಾತ್ರೆ ಮುಚ್ಚಳ ತೆಗೆದ ಸದ್ದು. ಅಕ್ಕಿ ಡಬ್ಬಿ ತೆಗೆದ ಸದ್ದು. ತಲೆಕೆಳಗಾಗಿ ನಿಂತ ಎಣ್ಣೆ ಶೀಶೆಯ ಮುಂದೆ ಬಹಳ ಹೊತ್ತು ನಿಂತರು.

"ಪಗಾರ ಯಾವಾಗ ಬಂದಿತ್ತು?"

"ಶಾಲಿ ಶುರು ಆದಾಗಿಂದ ಬಂದಿಲ್ಲವ್ವ," ಪ್ರತಿಭಾ ಹೇಳಿದಳು.

"ಮತ್ತ ದಿನಾ ಫೋನಿನ್ಯಾಗ, ಉಂಡೆ ಅವ್ವಾ, ಅನ್ನಾಕಿ?"

"ಉಂಡ ಹೇಳ್ತಿದ್ದೆ. ಅದು ಸುಳ್ಳಲ್ಲ."

"ನಿನ್ನ ಅರಬಿ ಗಂಟು ಕಟ್ಟು. ಸಂಜಿಗೆ ಗಾಡಿ ಬರತೈತಿ."

ಇಷ್ಟೆಲ್ಲ ಮಾಡಿ ಅವಳನ್ನು ನಾನೇ ಕಳಿಸಿದ ಹಾಗಾಯಿತಲ್ಲ. ಆದರೆ ಪ್ರತಿಭಾ ಅಲ್ಲಾಡಲಿಲ್ಲ. ಗಣಿತದವಳಲ್ಲವೇ, ನೇರ ಅವ್ವನ ಮುಂದೆ ಹೋಗಿ ಕುರ್ತಾದ ತೋಳು ಮುಂದೆ ಹಿಡಿದಳು.

"ಫೋನಿನ್ಯಾಗ ಏನಂದಿದ್ದಿ? ತೋಳು ಹಿಡಿದು ನೋಡ್ತೀನಿ ಅಂದಿದ್ದಿ. ಹಿಡಿ. ಈ ಹೊಲಿಗಿ ನೋಡು. ನೀನ ಹೊಲಿಸಿ ಕಳಿಸಿದ್ದು, ಎರಡು ಸಲ ಬಿಚ್ಚಿ ಸಡಿಲ ಮಾಡೀನಿ. ವಾಣಿ ಬೇಲಿ ಮ್ಯಾಲಿಂದು, ಗ್ವಾಡಿ ಬುಡದ್ದು ತಂದು ಹಾಕಿದ್ದು ಇದು. ಇವತ್ತು ಅಕ್ಕಿ ಯಾಕ ತೀರಿತು ಅಂತ ನನ್ನ ಕೇಳಬ್ಯಾಡ, ಉಂಡಾಕಿ ನೀನು."

ಗಿರಿಜವ್ವ ಮಗಳ ತೋಳು ಹಿಡಿದರು. ಒತ್ತಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಹಳೇ ಹೊಲಿಗೆಯ ಗುರುತು ಎಲ್ಲಿತ್ತು, ಹೊಸದು ಎಲ್ಲಿದೆ ಅಂತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನಗ ನೀಡಿದ್ರಾಗ ಏನೇನಿತ್ತು? ಖರೆ ಹೇಳು."

"ಒಂದು ಬಾಳೆಗಿಡ ಅವ್ವಾ. ಮಂಗ ಮುರಿದದ್ದು. ದಿಂಡು, ಹೂವು, ಕಾಯಿ, ಸಿಪ್ಪೆ. ಎಲೆಯೂ ಅದರದ್ದೇ."

"ಆ ಚಟ್ನಿ ಸಿಪ್ಪೀದೇನು?" ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ನಮ್ಮ ಎಮ್ಮಿಗೆ ಹಾಕ್ತೀನಿ ನಾನು. ಅದಕ್ಕ ಆ ಎಮ್ಮಿ ಹಂಗ ಮಿಂಚತೈತಿ." ಖಾಲಿ ಪಾತ್ರೆಯ ಕಡೆ ನೋಡಿ, "ಕೊನೀಗೆ ಹಾಕಿದಿಯಲ್ಲ, ಅದು ಯಾರ ಪಾಲು?"

ನಾನು ಅವರು ಉಂಡ ಎಲೆ ಮಡಚಿ ಎತ್ತಿದೆ. ಅವರಿಗೆ ಅಷ್ಟರಲ್ಲೇ ತಿಳಿಯಿತು. ಹೋಗಿ ಚೀಲದ ಬಾಯಿ ಬಿಚ್ಚಿದರು. ಬಿಳೀ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ತುಂಬ ಎಣ್ಣೆಗಾಯಿ.

"ಇದನ್ನ ತಂದು ಮೊದಲ ತೆಗೀಬಾರದಿತ್ತೇನವ್ವ?" ಪ್ರತಿಭಾ ಕೂಗಿದಳು.

"ತೆಗದ್ರ ಪರೀಕ್ಷಾ ಹೆಂಗ ಆಗಬೇಕು? ಕೂಡ್ರಿ ಇಬ್ರೂ. ಈಗ ಪಾಳಿ ನಂದು."

ಕೂತೆವು. ಕಟಕಟ ಮುರಿಯುವ ರೊಟ್ಟಿಗೆ ಎಣ್ಣೆಗಾಯಿ, ಪಕ್ಕದಲ್ಲಿ ಉಳಿದ ಅಪ್ಪೆಹುಳಿ. ಎರಡು ರೊಟ್ಟಿ ಆಯಿತು, ಮೂರನೆಯದು ಬಿತ್ತು. ನನಗೆ ಸಾಕಾಯಿತು. ರೂಢಿಯಂತೆ ಒಂದು ಚೂರು ರೊಟ್ಟಿ, ಸ್ವಲ್ಪ ಎಣ್ಣೆಗಾಯಿ ತಾಟಿನ ಅಂಚಿಗೆ ಸರಿಸಿ ಬಿಟ್ಟೆ. ಗಿರಿಜವ್ವ ಕಣ್ಣು ದೊಡ್ಡದು ಮಾಡಿದರು.

"ಏನದು?"

"ಸಾಕಾಯ್ತು ಅವ್ವಾ."

"ಸಾಕಾದ್ರ ಬಿಡತಾರೇನು? ತಿನ್ನು!"

ತಿಂದೆ. ತಾಟು ಖಾಲಿಯಾಯಿತು. ಹೆದರಿಕೊಂಡು ಕೂಡಲೇ ಅದರೊಳಗೆ ಲೋಟದ ನೀರು ಸುರಿದೆ, ತೊಳೆದೆ, ಕಣ್ಣು ಮುಚ್ಚಿ ಕುಡಿದುಬಿಟ್ಟೆ. ತಾಯಿ ಮಗಳು ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನಗು ತಡೆದುಕೊಳ್ಳುತ್ತಲೇ ಗಿರಿಜವ್ವ ಫೋನು ತೆಗೆದು, ದೂರ ಹಿಡಿದು, ಮಾತಾಡಿದರು. "ಶಂಕ್ರಪ್ಪಾ, ಆ ಕುರ್ಚಿ ಬ್ಯಾರೇದಾರಿಗೆ ಕೊಟ್ಟುಬಿಡು. ಹ್ಞೂ. ಇಲ್ಲಪಾ, ಬರಾಂಗಿಲ್ಲ. ಇಲ್ಲಿ ಉಣ್ಣಾಕ ಭಾಳ ಐತಿ." ನಡುವೆ ಒಂದು ದೊಡ್ಡ ತೇಗು ಬಂತು. "ಕೇಳಿಸ್ತಲ್ಲ? ಸಾಕ್ಷಿ."

ಪ್ರತಿಭಾ ಅವ್ವನ ಹೆಗಲಿಗೆ ತಲೆ ಇಟ್ಟಳು. "ಇನ್ನ ಸುಳ್ಳು ಹೇಳಿದ್ರ ನೋಡು," ಅಂತ ಗಿರಿಜವ್ವ ಅದೇ ತಲೆಗೆ ಒಂದು ಮೊಟಕಿದರು.

ಸಂಜೆ ಹಾರನ್ ಆದಾಗ ಅವರ ಚೀಲದಲ್ಲಿ ಉಳಿದರ್ಧ ಬಾಳೆದಿಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿದ ದೊಡ್ಡಪತ್ರೆಯ ನಾಲ್ಕು ಕಡ್ಡಿ, ಒಂದು ಶೀಶೆಯಲ್ಲಿ ಹತ್ತು ಮಿಡಿ. ಕೆರಿಯಪ್ಪನ ಗಾಡಿಯಿಂದ ನಮಗೊಂದು ಅನಾನಸು ಇಳಿಯಿತು. ಸೀತಕ್ಕ ಅಷ್ಟೊತ್ತಿಗೆ ಬಂದು ಗೇಟಿನಲ್ಲಿ ನಿಂತು, "ಊಟ ಎಲ್ಲ ಆತಾ?" ಅಂತ ಕೇಳಿದರು. ಗಿರಿಜವ್ವ ಎರಡೂ ಕೈ ಎತ್ತಿ ಮುಗಿದರು.

ಮುಂದಿನ ಭಾನುವಾರ ಅದೇ ಗಾಡಿ ಬಂತು. ಗಿರಿಜವ್ವ ಬರಲಿಲ್ಲ. ಒಂದು ಚೀಲ ಅಕ್ಕಿ, ರೊಟ್ಟಿಯ ಗಂಟು, ಅದರ ಮೇಲೆ ಪೇಪರಿನಲ್ಲಿ ಸುತ್ತಿದ ಚಪ್ಪಟೆಯಾದ ಏನೋ ಒಂದು. ಬಿಚ್ಚಿದರೆ ಹೊಳೆಯುವ ಹೊಸ ಸ್ಟೀಲ್ ತಾಟು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿದ್ದರು: ಗಿರಿಜವ್ವ.

"ಹೇಳಿ ಕಳಿಸ್ಯಾರ್ರಿ," ಅಂದ ಕೆರಿಯಪ್ಪ, ಒಪ್ಪಿಸುವ ಹುಡುಗನ ಹಾಗೆ ನೆಟ್ಟಗೆ ನಿಂತು. "ದೀಪಾವಳಿಗೆ ಬರತಾರಂತ. ತಮಗ ಎಲಿ ಹಾಕಬಾರದಂತ, ಇದ್ರಾಗ ನೀಡಬೇಕಂತ. ನೀರು ಹಾಕಿದ ಕೂಡಲೇ ವಾಣಿ ಟೀಚರು ಸೌಟು ಕೆಳಗಿಡಬೇಕಂತ. ಮತ್ತ..." ಅವನು ನೆನಪು ಮಾಡಿಕೊಂಡ. "ಮತ್ತ ಸಿಪ್ಪಿ ಚಟ್ನಿ ಮಾಡಬೇಕಂತ. ಎಮ್ಮಿಗೆ ಈಗ ಸಿಪ್ಪಿ ಹಾಕೂದು ಬಿಟ್ಟಾರ್ರಿ."